ಶೋಗುನ್‌ಗಳು ಚಕ್ರವರ್ತಿಯ ಗದ್ದುಗೆ ಯಾಕೆ ಹತ್ತಲಿಲ್ಲ?

ಓದುಗರ ಪ್ರಶ್ನೆ: ಜಪಾನಿನಲ್ಲಿ ಹತ್ತಿರ ಹತ್ತಿರ ಏಳು ನೂರು ವರ್ಷ ಶೋಗನ್‌ಗಳದ್ದೇ ಆಡಳಿತ ಅಂತ ಓದಿದೆ. ಸೈನ್ಯ ಅವರದು, ಭೂಮಿ ಅವರದು, ದುಡ್ಡೂ ಅವರದೇ. ಚಕ್ರವರ್ತಿ ಕ್ಯೋಟೋದಲ್ಲಿ ಸುಮ್ಮನೆ ಕೂತಿದ್ದ. ಹಾಗಿದ್ದ ಮೇಲೆ ಅವನನ್ನು ಇಳಿಸಿ ತಾವೇ ಯಾಕೆ ಪಟ್ಟ ಕಟ್ಟಿಕೊಳ್ಳಲಿಲ್ಲ? ಭಕ್ತಿಯಾ, ಭಯವಾ? ಶೋಗನ್ ಅಂದರೆ ನಮ್ಮ ಕಡೆಯ ದಳವಾಯಿ ಇದ್ದ ಹಾಗಾ?

ಉತ್ತರ: ಭಕ್ತಿ ಸ್ವಲ್ಪ ಇತ್ತು, ಭಯ ಅದಕ್ಕಿಂತ ಕಡಿಮೆ. ನಿಜ ಹೇಳಬೇಕೆಂದರೆ ಅವರಿಗೆ ಆ ಗದ್ದುಗೆ ಬೇಕಾಗಿಯೇ ಇರಲಿಲ್ಲ. ಶೋಗುನ್ ಅನ್ನುವುದು ಒಂದು ಹುದ್ದೆ. ಅದಕ್ಕೆ ನೇಮಕದ ಆದೇಶ ಬರುತ್ತಿದ್ದದ್ದು ಕ್ಯೋಟೋದ ಅರಮನೆಯಿಂದ. ಆದೇಶ ಕೊಡುವ ಮನೆಯನ್ನೇ ಕೆಡವಿದರೆ ಕೈಯಲ್ಲಿರುವ ಆದೇಶ ಬರೀ ಕಾಗದ ಅಲ್ವಾ? ಅದರ ಬದಲು ಆ ಮನೆಗೆ ಅಕ್ಕಿ ಬೇಳೆ ಕಳಿಸುತ್ತಾ, ಬಾಗಿಲಲ್ಲಿ ಕಾವಲು ಇಟ್ಟು, ಬೇಕಾದಾಗ ಬೇಕಾದ ಆದೇಶ ಬರೆಸಿಕೊಳ್ಳುವುದು ಎಷ್ಟೋ ಸುಲಭ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಚಕ್ರವರ್ತಿಗೆ ಏನು ಆಯಿತೋ ಅದೇ ಗತಿ ಶೋಗುನ್‌ಗೂ ಬಂತು, ಅದೂ ಹಲವು ಸಲ. ಅದನ್ನು ಹೇಳದೆ ಬಿಟ್ಟರೆ ಈ ಕಥೆ ಅರ್ಧ.

ದಳವಾಯಿ ಹೋಲಿಕೆ ಅರ್ಧ ಸರಿ. 18ನೇ ಶತಮಾನದ ಮೈಸೂರಿನಲ್ಲಿ ಒಡೆಯರನ್ನು ಕೂರಿಸಿ ದಳವಾಯಿಗಳು ಆಳಿದ್ದು ಹೌದು. ಆದರೆ ಅವರು ಇದ್ದದ್ದು ಅದೇ ಅರಮನೆಯ ಆಸುಪಾಸಿನಲ್ಲಿ. ಮೊದಲ ಶೋಗುನ್ ಸರ್ಕಾರ ಎದ್ದದ್ದು ರಾಜಧಾನಿಯಿಂದ ಕಾಲ್ನಡಿಗೆಯಲ್ಲಿ ಹೆಚ್ಚುಕಡಿಮೆ ಎರಡು ವಾರದ ದಾರಿ ಇದ್ದ ಕಮಾಕುರ ಅನ್ನುವ ಕಡಲತೀರದ ಊರಿನಲ್ಲಿ. ಈ ದೂರವೇ ಬಹಳ ಮುಖ್ಯ. (ನೀವು ಶೋಗನ್ ಅಂತ ಬರೆದಿದ್ದೀರಿ, ಪರವಾಗಿಲ್ಲ. ಅದು ಇಂಗ್ಲಿಷಿನವರ ಉಚ್ಚಾರ. ಜಪಾನೀಯರ ಬಾಯಲ್ಲಿ ಶೋಗುನ್.)

ಮೊದಲು ಬಿರುದಿನ ವಿಚಾರ. ಪೂರ್ತಿ ಹೆಸರು ಸೇಯಿ ತೈಶೋಗುನ್. ಅನಾಗರಿಕರನ್ನು ಅಡಗಿಸುವ ಮಹಾ ಸೇನಾಪತಿ ಅಂತ ಅರ್ಥ. ಈ ಅನಾಗರಿಕರು ಯಾರು ಅಂದರೆ ಎಮಿಶಿ ಜನ. ಮುಖ್ಯ ದ್ವೀಪದ ಈಶಾನ್ಯದಲ್ಲಿ, ಅರಮನೆಯ ಮಾತು ಕೇಳದೆ, ಕಪ್ಪ ಕೊಡದೆ ಬದುಕುತ್ತಿದ್ದವರು. 797ರಲ್ಲಿ ಸಕನೋವೆ ನೊ ತಮುರಮಾರೊ ಅನ್ನುವ ದಂಡನಾಯಕನಿಗೆ ಈ ಬಿರುದು ಕೊಟ್ಟು ಅವರ ಮೇಲೆ ಕಳಿಸಿದರು. ಆಗ ಇದು ತಾತ್ಕಾಲಿಕ ಹುದ್ದೆ. ಹೊರಡುವಾಗ ಚಕ್ರವರ್ತಿ ಗುರುತಿಗೆ ಒಂದು ಕತ್ತಿ ಕೊಡುತ್ತಿದ್ದ, ದಂಡಯಾತ್ರೆ ಮುಗಿಸಿ ಬಂದವನು ಅದನ್ನು ವಾಪಸ್ ಒಪ್ಪಿಸಬೇಕು. ಅನಾಗರಿಕರು, ವಾಪಸ್, ಈ ಎರಡೂ ಮಾತು ಸಾವಿರ ವರ್ಷದ ಮೇಲೆ ಮತ್ತೆ ಬರುತ್ತವೆ.

ಇನ್ನು ಬಾಕುಫು. ಶೋಗುನ್ ಸರ್ಕಾರಕ್ಕೆ ಇದೇ ಹೆಸರು. ಬಾಕು ಅಂದರೆ ಡೇರೆಯ ಪರದೆ, ಫು ಅಂದರೆ ಕಚೇರಿ. ಯುದ್ಧಭೂಮಿಯಲ್ಲಿ ಸೇನಾಪತಿ ಸುತ್ತ ಬಟ್ಟೆಯ ಪರದೆ ಕಟ್ಟಿಸಿ ಕೂರುತ್ತಿದ್ದ ಜಾಗ. ತಮಾಷೆ ಏನೆಂದರೆ ಕಮಾಕುರದವರು ತಮ್ಮ ಸರ್ಕಾರವನ್ನು ಹಾಗೆ ಕರೆದುಕೊಂಡವರಲ್ಲ. ಸರ್ಕಾರ ಅನ್ನುವ ಅರ್ಥದಲ್ಲಿ ಆ ಪದ ಎಲ್ಲರ ಬಾಯಿಗೆ ಬಂದದ್ದು ಎಡೋ (ಈಗಿನ ಟೋಕ್ಯೋ) ಊರಿನಿಂದ ಕೊನೆಯ ಶೋಗುನ್ ಮನೆತನ ಆಳಿದ ಕಾಲದ ಕೊನೆಗೆ, ಅಂದರೆ ಆ ವ್ಯವಸ್ಥೆಯೇ ಬಾಗಿಲು ಹಾಕುವ ಹೊತ್ತಿಗೆ.

ಗದ್ದುಗೆಗೆ ಕೈ ಹಾಕಿದವನು ಒಬ್ಬನೂ ಇಲ್ಲವೇ? ಇದ್ದ. ತೈರಾ ನೊ ಮಸಕಾಡೊ. ಈಗಿನ ಟೋಕ್ಯೋ ಸುತ್ತಲಿನ ಕಾಂತೋ ಬಯಲಿನ ಯೋಧ. ದಾಯಾದಿ ಜಗಳದಿಂದ ಶುರುವಾದದ್ದು ಪ್ರಾಂತ್ಯದ ಕಚೇರಿಗಳನ್ನು ವಶ ಮಾಡಿಕೊಳ್ಳುವವರೆಗೆ ಹೋಯಿತು. 939-40ರ ಚಳಿಗಾಲದಲ್ಲಿ ತನ್ನನ್ನು ತಾನೇ ಹೊಸ ಚಕ್ರವರ್ತಿ ಅಂತ ಘೋಷಿಸಿಕೊಂಡ. ಆ ಸಂಭ್ರಮ ನಡೆದದ್ದು ಎರಡೇ ತಿಂಗಳು. ಅವನನ್ನು ಮುಗಿಸಿದ್ದು ಕ್ಯೋಟೋದಿಂದ ಬಂದ ದಂಡಲ್ಲ, ಅದು ತಲುಪುವ ಮೊದಲೇ ಅಲ್ಲಿಯ ಯೋಧರೇ ಕೆಲಸ ಮುಗಿಸಿದ್ದರು. ಅದರಲ್ಲೊಬ್ಬ ಅವನ ಸ್ವಂತ ದಾಯಾದಿ ಸದಮೊರಿ. ನೀವು ಚಕ್ರವರ್ತಿ ಆಗುತ್ತೇನೆ ಅಂದ ಕ್ಷಣ ನಿಮ್ಮ ಪಕ್ಕದ ಜಮೀನಿನವನಿಗೆ ನಿಮ್ಮನ್ನು ಕೊಲ್ಲಲು ಸರ್ಕಾರಿ ಪರವಾನಗಿ ಸಿಕ್ಕ ಹಾಗೆ. ಮಸಕಾಡೊನ ತಲೆ ಕ್ಯೋಟೋದಲ್ಲಿ ತೂಗಿ ಹಾಕಿದ್ದಾಗ ಹಾರಿಕೊಂಡು ಊರಿಗೆ ವಾಪಸ್ ಬಂತು ಅಂತ ಕಥೆ ಇದೆ. ಬಿದ್ದ ಜಾಗ ಅಂತ ಹೇಳುವ ತಲೆಗುಡ್ಡೆ ಟೋಕ್ಯೋದ ಓತೆಮಾಚಿಯಲ್ಲಿ, ಎತ್ತರದ ಆಫೀಸು ಕಟ್ಟಡಗಳ ನಡುವೆ ಇವತ್ತಿಗೂ ಇದೆ. ಒಂದು ಅಡಿ ಜಾಗಕ್ಕೂ ಚಿನ್ನದ ಬೆಲೆ ಇರುವ ಕಡೆ ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇಲ್ಲ.

ಇನ್ನೊಂದು ವಿಷಯ ಗಮನಿಸಬೇಕು. ಶೋಗುನ್ ಬರುವ ಮೊದಲೇ ಚಕ್ರವರ್ತಿಯ ಕೈ ಖಾಲಿಯಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಆ ಪೂಜಾರಿ ಸ್ಥಾನದಲ್ಲಿ ಫುಜಿವಾರಾ ಮನೆತನ ಕೂತಿತ್ತು. ಹೆಣ್ಣುಮಕ್ಕಳನ್ನು ಅರಮನೆಗೆ ಕೊಡುವುದು, ಹುಟ್ಟಿದ ಮೊಮ್ಮಗನಿಗೆ ಪಟ್ಟ ಕಟ್ಟುವುದು, ಮಗು ಚಿಕ್ಕದು ಅಂತ ತಾತ ಆಳುವುದು. ಫುಜಿವಾರಾ ನೊ ಮಿಚಿನಾಗ ಹೀಗೆ ಮೂವರು ಚಕ್ರವರ್ತಿಗಳಿಗೆ ತಾತನಾದ. ಆಮೇಲೆ 1086ರಿಂದ ಇನ್ನೊಂದು ಪದ್ಧತಿ ಶುರುವಾಯಿತು. ಚಕ್ರವರ್ತಿ ಪಟ್ಟ ಬಿಟ್ಟು ನಿವೃತ್ತನಾಗಿ, ಮಗನನ್ನು ಕೂರಿಸಿ, ಹಿಂದಿನಿಂದ ತಾನೇ ಆಳುವುದು. ಅಂದರೆ ಉತ್ಸವಮೂರ್ತಿ ಮುಂದೆ, ಆಳುವವನು ಹಿಂದೆ ಅನ್ನುವ ಏರ್ಪಾಟು ಜಪಾನಿನಲ್ಲಿ ಕತ್ತಿ ಹಿಡಿದವರು ಕಂಡುಹಿಡಿದದ್ದಲ್ಲ. ಅವರು ಬಂದಾಗ ಅದು ಆಗಲೇ ರೂಢಿಯಲ್ಲಿತ್ತು.

ಹಾಗಾದರೆ ಕತ್ತಿ ಹಿಡಿದವರಿಗೆ ಏನು ಬೇಕಿತ್ತು? ಜಮೀನು. ಅದರಲ್ಲೂ ಜಮೀನಿನ ಕಾಗದ. ಸಮುರಾಯ್ ಅಂದ ಕೂಡಲೇ ನಮಗೆ ಕತ್ತಿ, ಮಾನ, ಹೊಟ್ಟೆ ಬಗೆದುಕೊಳ್ಳುವುದು ನೆನಪಾಗುತ್ತದೆ. 12ನೇ ಶತಮಾನದ ಸಮುರಾಯ್‌ಗೆ ರಾತ್ರಿ ನಿದ್ದೆ ಕೆಡಿಸುತ್ತಿದ್ದ ಚಿಂತೆ ಬೇರೆ. ಕಾಡು ಕಡಿದು ಗದ್ದೆ ಮಾಡಿದವನು ಅವನ ಅಜ್ಜ. ಉಳಿಮೆ ನೋಡಿಕೊಳ್ಳುವವನು, ಕಳ್ಳರನ್ನು ಅಟ್ಟುವವನು ಅವನು. ಆದರೆ ಕಾಗದದ ಮೇಲೆ ಅದು ಕ್ಯೋಟೋದ ಯಾವುದೋ ದೊಡ್ಡಮನುಷ್ಯರದೋ ದೇವಸ್ಥಾನದ್ದೋ ಎಸ್ಟೇಟು. ಇವನು ಅದರ ಮೇಲ್ವಿಚಾರಕ ಅಷ್ಟೇ. ಅವರು ಬೇಡ ಅಂದರೆ ನಾಳೆ ಬೆಳಿಗ್ಗೆ ಹೊರಗೆ. 1180ರಲ್ಲಿ ಮಿನಾಮೊತೊ ನೊ ಯೊರಿತೊಮೊ ದಂಗೆ ಎದ್ದಾಗ ಮಾಡಿದ ಜಾಣ ಕೆಲಸ ಇದೇ. ನನ್ನ ಕಡೆ ಬನ್ನಿ, ನಿಮ್ಮ ಜಮೀನು ನಿಮಗೇ ಅಂತ ನಾನು ಬರೆದು ಕೊಡುತ್ತೇನೆ ಅಂದ. ಬರೆದೂ ಕೊಟ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಹಣಿಯಲ್ಲಿ ಹೆಸರು ಕೂರಿಸಿದ. ಹಾಗೆ ಕೊಡಲು ಅವನಿಗೆ ಯಾವ ಹಕ್ಕೂ ಇರಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ಇಜು ಪ್ರಾಂತ್ಯಕ್ಕೆ ಗಡೀಪಾರಾಗಿ ಇಪ್ಪತ್ತು ವರ್ಷ ಅಲ್ಲೇ ಬಿದ್ದಿದ್ದ ಕೈದಿ ಅವನು. ಆದರೆ ಆ ಕಾಗದವನ್ನು ನಂಬಿ ಸಾವಿರಾರು ಜನ ಕುದುರೆ ಏರಿದರು.

ಮುಂದಿನದು ಗೊತ್ತಿರುವ ಕಥೆ. 1185ರಲ್ಲಿ ದನ್ ನೊ ಉರ ಕಡಲಿನಲ್ಲಿ, ಅರಮನೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಅವನ ವೈರಿ ತೈರಾ ಮನೆತನ ಮುಳುಗಿತು. ಅವರ ಜೊತೆ ಪುಟ್ಟ ಬಾಲಕ ಚಕ್ರವರ್ತಿ ಅಂತೊಕು ಕೂಡ ನೀರು ಪಾಲಾದ. ಅದೇ ವರ್ಷ ಯೊರಿತೊಮೊ ದೇಶದ ಎಸ್ಟೇಟುಗಳಿಗೆ ಜಿತೋ ಅನ್ನುವ ತನ್ನ ಅಧಿಕಾರಿಗಳನ್ನು ನೇಮಿಸುವ ಹಕ್ಕನ್ನು ಅರಮನೆಯಿಂದ ಬರೆಸಿಕೊಂಡ. ಜಿತೋ ಅಂದರೆ ಪಟೇಲ ಮತ್ತು ಶಾನುಭೋಗ ಇಬ್ಬರೂ ಒಬ್ಬನೇ ಆಗಿ, ಸೊಂಟದಲ್ಲಿ ಕತ್ತಿಯೂ ಇದ್ದರೆ ಹೇಗೋ ಹಾಗೆ. ಶೋಗುನ್ ಬಿರುದು ಸಿಕ್ಕಿದ್ದು ಏಳು ವರ್ಷ ತಡವಾಗಿ, 1192ರಲ್ಲಿ. ಜಪಾನಿನ ಮಕ್ಕಳು ಮೊದಲೆಲ್ಲ ಇಸವಿ ನೆನಪಿಡಲು 1192ರ ಅಂಕಿಗಳ ಉಚ್ಚಾರ ಕೂಡಿಸಿ 'ಈ ಕುನಿ', ಅಂದರೆ ಒಳ್ಳೆ ದೇಶ, ಅಂತ ಬಾಯಿಪಾಠ ಮಾಡುತ್ತಿದ್ದರು. ಈಗ ಪಠ್ಯಪುಸ್ತಕಗಳು 1185ಕ್ಕೆ ಒತ್ತು ಕೊಡುವುದರಿಂದ ಅದು 'ಈ ಹಾಕೊ', ಒಳ್ಳೆ ಪೆಟ್ಟಿಗೆ, ಆಗಿದೆ. ನನ್ನನ್ನು ಕೇಳಿದರೆ ಪೆಟ್ಟಿಗೆಯೇ ಸರಿ. ಜಮೀನಿನ ಕಾಗದಗಳ ಪೆಟ್ಟಿಗೆ.

ಬಿರುದಿನ ಬಗ್ಗೆ ಒಂದು ಸ್ವಾರಸ್ಯ. ಯೊರಿತೊಮೊ ಕೇಳಿದ್ದು ಮಹಾ ಸೇನಾಪತಿ ಅನ್ನುವಂಥ ಒಂದು ಪದವಿ, ಅಷ್ಟೇ. ಅದರಲ್ಲಿ ಯಾವುದು ಅಂತ ಆರಿಸಿದ್ದು ಅರಮನೆಯ ಗುಮಾಸ್ತರು. ಪಟ್ಟಿಯಲ್ಲಿದ್ದ ಬೇರೆ ಬಿರುದುಗಳನ್ನು ಹಿಂದೆ ಹೊತ್ತಿದ್ದವರು ಸೋತು ಸತ್ತಿದ್ದರು, ಅವು ಅಪಶಕುನ. ತಮುರಮಾರೊ ಗೆದ್ದಿದ್ದ, ಅವನದು ಶುಭ. ಆಯಿತು, ಇದನ್ನೇ ಕೊಡಿ ಅಂದರು. ಏಳು ಶತಮಾನ ನಡೆದ ಹೆಸರು ಹೀಗೆ ಶಕುನ ನೋಡಿ ಸಿಕ್ಕಿದ್ದು.

ಈಗ ಶೋಗುನ್‌ಗೆ ಏನಾಯಿತು ನೋಡಿ. 1199ರಲ್ಲಿ ಯೊರಿತೊಮೊ ತೀರಿಕೊಂಡ. ಹೆಂಡತಿ ಹೋಜೋ ಮಸಾಕೊ, ಅವಳ ತವರಿನವರು ಆಡಳಿತ ಹಿಡಿದರು. ದೊಡ್ಡ ಮಗ ಯೊರಿಯಿಯೆ ಎರಡನೇ ಶೋಗುನ್, ಅವನನ್ನು ಇಳಿಸಿ 1204ರಲ್ಲಿ ಕೊಲೆ ಮಾಡಿಸಿದರು. ಚಿಕ್ಕವನು ಸನೆತೊಮೊ, ಕವಿ. 1219ರ ಫೆಬ್ರವರಿಯ ಒಂದು ರಾತ್ರಿ, ಅರಮನೆ ಕೊಟ್ಟ ದೊಡ್ಡ ಪದವಿಯ ಸಂತೋಷಕ್ಕೆ ಕಮಾಕುರದ ಹಚಿಮಾನ್ ಗುಡಿಗೆ ಪೂಜೆಗೆ ಹೋಗಿದ್ದ. ಹಿಮ ದಪ್ಪಗೆ ಬಿದ್ದಿತ್ತು. ಪೂಜೆ ಮುಗಿಸಿ ಹೊರಗೆ ಬರುವಾಗ ಅಣ್ಣನ ಮಗ ಕುಗ್ಯೋ ನುಗ್ಗಿ ಬಂದು ಕಡಿದ. ಅಪ್ಪನನ್ನು ಕೊಂದ ಸೇಡು. ಕಡಿದ ತಲೆಯನ್ನು ಊಟಕ್ಕೆ ಕೂತಾಗಲೂ ಕೈಯಿಂದ ಬಿಡಲಿಲ್ಲವಂತೆ. ಅದೇ ರಾತ್ರಿ ಅವನೂ ಸತ್ತ. ಮೆಟ್ಟಿಲ ಪಕ್ಕದ ದೊಡ್ಡ ಗಿಂಕೊ ಮರದ ಹಿಂದೆ ಅವನು ಅಡಗಿದ್ದ ಅಂತ ಊರಿನವರು ಹೇಳುತ್ತಾ ಬಂದರು. ಆ ಮರ 2010ರ ಮಾರ್ಚಿನಲ್ಲಿ ಗಾಳಿಗೆ ಬುಡಮೇಲಾಯಿತು. ನಾನು ಹೋದಾಗ ಮೋಟು ಬುಡದ ಸುತ್ತ ಹಗ್ಗ ಕಟ್ಟಿದ್ದರು, ಬೇರಿನಿಂದ ಎದ್ದ ಚಿಗುರು ಆಳೆತ್ತರ ಬೆಳೆದಿತ್ತು.

ಯೊರಿತೊಮೊನ ವಂಶದ ಶೋಗುನ್‌ಗಳು ಅಲ್ಲಿಗೆ ಮುಗಿದರು. ಹೋಜೋಗಳು ತಾವೇ ಶೋಗುನ್ ಆದರೇ? ಇಲ್ಲ. ಅವರು ಹಳ್ಳಿ ಕಡೆಯ ಸಣ್ಣ ಮನೆತನ, ಆ ಬಿರುದು ಅವರ ತಲೆಗೆ ದೊಡ್ಡದು. ಕ್ಯೋಟೋದಿಂದ ಒಂದು ಹಸುಗೂಸನ್ನು ತರಿಸಿಕೊಂಡರು. ಫುಜಿವಾರಾ ವಂಶದ ಮಗು, ಯೊರಿತೊಮೊಗೆ ದೂರದ ನಂಟು. ಅದನ್ನು ಬೆಳೆಸಿ 1226ರಲ್ಲಿ ಶೋಗುನ್ ಮಾಡಿದರು. ಹುಡುಗ ದೊಡ್ಡವನಾಗಿ ತಲೆ ಎತ್ತಿದ ಮೇಲೆ ಕೆಳಗಿಳಿಸಿ ಕ್ಯೋಟೋಗೆ ವಾಪಸ್ ಕಳಿಸಿದರು. 1252ರಲ್ಲಿ ಚಕ್ರವರ್ತಿಯ ಸ್ವಂತ ಮನೆಯಿಂದಲೇ ಒಬ್ಬ ರಾಜಕುಮಾರನನ್ನು ತಂದರು. ಅವನನ್ನೂ ಹದಿನಾಲ್ಕು ವರ್ಷ ಇಟ್ಟುಕೊಂಡು ವಾಪಸ್. ಹೋಜೋಗಳು ಹಿಡಿದದ್ದು ಶಿಕ್ಕೆನ್ ಅನ್ನುವ ಪದವಿ, ಅಂದರೆ ಶೋಗುನ್‌ನ ಕಾರ್ಯಭಾರಿ. ಆಮೇಲಾಮೇಲೆ ಶಿಕ್ಕೆನ್ ಕೂಡ ಹೆಸರಿಗಷ್ಟೇ ಆಗಿ ಹೋಜೋ ಮನೆಯ ಹಿರಿಯನ ಮಾತು ನಡೆಯಿತು, ಕೊನೆಗಾಲಕ್ಕೆ ಆ ಹಿರಿಯನ ಮನೆಯ ಪಾರುಪತ್ಯಗಾರನದು. ಎಣಿಸಿ ನೋಡಿ. ಚಕ್ರವರ್ತಿ, ನಿವೃತ್ತ ಚಕ್ರವರ್ತಿ, ಶೋಗುನ್, ಶಿಕ್ಕೆನ್, ಮನೆಯ ಹಿರಿಯ, ಪಾರುಪತ್ಯಗಾರ. ಆರು ಪದರ. ಯಾವ ಪದರವನ್ನೂ ಕಿತ್ತು ಎಸೆಯಲಿಲ್ಲ, ಮೇಲೆ ಇನ್ನೊಂದು ಹೊದಿಸಿದರು ಅಷ್ಟೇ.

ಈ ನಡುವೆ 1221ರಲ್ಲಿ ನೇರ ಮುಖಾಮುಖಿ ಆಯಿತು. ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವವರು ನೋಡಬೇಕಾದ್ದು ಇದನ್ನು. ನಿವೃತ್ತ ಚಕ್ರವರ್ತಿ ಗೊ ತೊಬಾ, ಮಸಾಕೊಳ ತಮ್ಮ, ಆಗಿನ ಶಿಕ್ಕೆನ್ ಹೋಜೋ ಯೊಶಿತೊಕಿಯನ್ನು ಹೊಡೆಯಿರಿ ಅಂತ ದೇಶಕ್ಕೆಲ್ಲ ಆದೇಶ ಹೊರಡಿಸಿದ. ಚಕ್ರವರ್ತಿ ಮನೆಯ ಮೇಲೆ ಬಿಲ್ಲು ಎತ್ತುವುದು ಹೇಗೆ ಅಂತ ಕಮಾಕುರದ ಯೋಧರು ಕಂಗಾಲು. ಆಗ ವಿಧವೆ ಮಸಾಕೊ, ಅಷ್ಟು ಹೊತ್ತಿಗೆ ತಲೆ ಬೋಳಿಸಿ ಸನ್ಯಾಸ ತಗೊಂಡಿದ್ದವಳು, ಎಲ್ಲರನ್ನೂ ಸೇರಿಸಿ ಹೇಳಿಕಳಿಸಿದ ಮಾತು ಪ್ರಸಿದ್ಧ. ನಿಮ್ಮ ಮೇಲೆ ಯೊರಿತೊಮೊನ ಋಣ ಬೆಟ್ಟಕ್ಕಿಂತ ಎತ್ತರ, ಕಡಲಿಗಿಂತ ಆಳ, ಆ ಕಡೆ ಹೋಗುವವರು ಇದ್ದರೆ ಈಗಲೇ ಹೇಳಿ. ಯಾರೂ ಹೋಗಲಿಲ್ಲ. ಋಣ ಅಂದದ್ದು ಏನನ್ನು? ಅದೇ ಪಹಣಿಯನ್ನು.

ಮುಂದಿನ ಶತಮಾನದಲ್ಲಿ ಬರೆದ ಒಂದು ಕಥನದಲ್ಲಿ ಇನ್ನೊಂದು ಪ್ರಸಂಗ ಇದೆ. ನಡೆದದ್ದೋ ಕಟ್ಟಿದ್ದೋ, ಅವರ ಮನಸ್ಸನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಬೇರೆ ಇಲ್ಲ. ದಂಡು ಕಟ್ಟಿಕೊಂಡು ಹೊರಟ ಯೊಶಿತೊಕಿಯ ಮಗ ಯಸುತೊಕಿ ಅರ್ಧ ದಾರಿಯಿಂದ ಒಬ್ಬನೇ ಕುದುರೆ ಓಡಿಸಿಕೊಂಡು ವಾಪಸ್ ಬಂದನಂತೆ. ಅಪ್ಪಾ, ಎದುರಿಗೆ ಚಕ್ರವರ್ತಿಯೇ ಪಲ್ಲಕ್ಕಿಯಲ್ಲಿ ಬಂದರೆ ಏನು ಮಾಡಲಿ? ಅಪ್ಪ ಹೇಳಿದ್ದು, ಒಳ್ಳೆ ಕೇಳಿದೆ. ಪಲ್ಲಕ್ಕಿ ಬಂದರೆ ಶಿರಸ್ತ್ರಾಣ ತೆಗೆದು, ಬಿಲ್ಲಿನ ಹೆದೆ ಕತ್ತರಿಸಿ ಶರಣಾಗು. ಆದರೆ ಅವರು ರಾಜಧಾನಿಯಲ್ಲೇ ಕೂತು ಬರೀ ಸೈನ್ಯ ಕಳಿಸಿದ್ದರೆ, ಸಾವಿರ ಜನದಲ್ಲಿ ಒಬ್ಬ ಉಳಿಯುವವರೆಗೂ ಹೊಡೆದಾಡು. ಚಕ್ರವರ್ತಿ ಬರಲಿಲ್ಲ. ಸುಮಾರು ಒಂದು ತಿಂಗಳಲ್ಲಿ ಕ್ಯೋಟೋ ಬಿತ್ತು.

ಗೆದ್ದವರು ಏನು ಮಾಡಿದರು? ಗೊ ತೊಬಾನನ್ನು ಓಕಿ ದ್ವೀಪಕ್ಕೆ, ಅವನ ಮಗ ಜುಂತೊಕುವನ್ನು ಸಾದೊ ದ್ವೀಪಕ್ಕೆ ಗಡೀಪಾರು ಮಾಡಿದರು. ಮೂರು ಸಾವಿರಕ್ಕೂ ಹೆಚ್ಚು ಎಸ್ಟೇಟು ಕಿತ್ತುಕೊಂಡು ತಮ್ಮವರನ್ನು ಜಿತೋ ಮಾಡಿ ಕಳಿಸಿದರು. ಪ್ರತಿ 11 ಚೋ (ಜಮೀನಿನ ಅಳತೆ) ಗದ್ದೆಗೆ 1 ಚೋ ಅವನದು, ಅದರ ಮೇಲೆ ಸುಂಕದ ಅಕ್ಕಿ ಬೇರೆ. ಇಷ್ಟೆಲ್ಲ ಮಾಡಿದ ಮೇಲೆ ಗದ್ದುಗೆ ಖಾಲಿ ಇತ್ತು. ಹತ್ತಬಹುದಿತ್ತು. ಅದೇ ವಂಶದ ಇನ್ನೊಬ್ಬ ಹುಡುಗನನ್ನು ಹುಡುಕಿ ತಂದು ಕೂರಿಸಿದರು! ಜಿತೋಗಿರಿಯ ಹಕ್ಕು ಬಂದದ್ದು 1185ರ ಅರಮನೆ ಅಪ್ಪಣೆಯಿಂದ ತಾನೇ? ಆ ಅಪ್ಪಣೆಗೆ ಒಬ್ಬ ಯಜಮಾನ ಇರಲೇಬೇಕು.

ಮಿಲಿಟರಿ ಸರ್ಕಾರ ಅಂದರೆ ಈಗಿನ ಕಾಲದ ಕರ್ಫ್ಯೂ, ಟ್ಯಾಂಕು ಅಂತ ಅಂದುಕೊಳ್ಳಬೇಡಿ. ಕಮಾಕುರದ ಮುಖ್ಯ ಕೆಲಸ ಜಮೀನು ವ್ಯಾಜ್ಯ. ಯಸುತೊಕಿ 1232ರಲ್ಲಿ 51 ಕಲಮುಗಳ ಕಾನೂನು ಬರೆಸಿದ. ಓದಿದರೆ ಪಾಲು, ವಾರಸು, ಗಡಿ ತಕರಾರು ಇವೇ ಜಾಸ್ತಿ. ಯಾವುದೇ ತಾಲ್ಲೂಕು ಕೋರ್ಟಿನ ಮುಂದೆ ನಿಂತ ಹಾಗೆ ಅನಿಸುತ್ತದೆ.

ಜಮೀನು ಹಂಚಿ ಕಟ್ಟಿದ ಸರ್ಕಾರಕ್ಕೆ ಹಂಚಲು ಜಮೀನು ಮುಗಿದರೆ? 1274 ಮತ್ತು 1281ರಲ್ಲಿ ಮಂಗೋಲರು ಕಡಲು ದಾಟಿ ಬಂದರು, ಸೋತು ಹೋದರು. ಆದರೆ ಗೆದ್ದವರಿಗೆ ಒಂದು ಗುಂಟೆ ಜಾಗವೂ ಸಿಗಲಿಲ್ಲ. ತಕೆಜಾಕಿ ಸುಯೆನಾಗ ಅನ್ನುವ ಬಡ ಯೋಧ ಮೊದಲ ದಾಳಿಯಲ್ಲಿ ಬೆರಳೆಣಿಕೆ ಜನರ ಜೊತೆ ಮುಂದೆ ನುಗ್ಗಿ ಗಾಯಗೊಂಡಿದ್ದ. ಬಹುಮಾನದ ಪಟ್ಟಿಯಲ್ಲಿ ಹೆಸರೇ ಇಲ್ಲ. 1275ರಲ್ಲಿ ಕುದುರೆ, ಜೀನು ಮಾರಿ ದಾರಿಖರ್ಚು ಹೊಂದಿಸಿಕೊಂಡು ಕ್ಯೂಶೂದಿಂದ ಕಮಾಕುರದವರೆಗೆ ಹೋದ. ಅಲ್ಲಿ ಯಾರೂ ಮಾತಾಡಿಸಲಿಲ್ಲ. ಕೊನೆಗೆ ಬಹುಮಾನದ ಉಸ್ತುವಾರಿ ಹೊತ್ತಿದ್ದ ಅದಾಚಿ ಯಸುಮೊರಿಯ ಮುಂದೆ ಹಟ ಹಿಡಿದು ಕೂತ. ನಾನು ಹೇಳುವುದು ಸುಳ್ಳಾದರೆ ನನ್ನ ತಲೆ ತೆಗೆಯಿರಿ, ನಾನು ಮೊದಲು ನುಗ್ಗಿದ್ದನ್ನು ದಾಖಲು ಮಾಡಿ, ಇಷ್ಟೇ ಅವನ ವಾದ. ಕೊನೆಗೆ ಊರಿನ ಕಡೆ ಒಂದು ಜಿತೋ ಪದವಿ, ಮೇಲೆ ಒಂದು ಕುದುರೆ ಸಿಕ್ಕಿತು. ಇದನ್ನೆಲ್ಲ ಅವನು ಚಿತ್ರಸುರುಳಿಯಾಗಿ ಬರೆಸಿದ್ದರಿಂದ ನಮಗೆ ಗೊತ್ತು. ಅವನಂತೆ ಕಚೇರಿ ಬಾಗಿಲಿನವರೆಗೆ ಹೋಗಲಾಗದೆ ಸಾಲದಲ್ಲಿ ಮುಳುಗಿದವರು ಎಷ್ಟೋ ಜನ. 1297ರಲ್ಲಿ ಯೋಧರು ಮಾರಿಕೊಂಡ ಜಮೀನನ್ನು ವಾಪಸ್ ಕೊಡಿಸುವ ಆಜ್ಞೆ ಹೊರಟಿತು, ಅದರಿಂದ ಮುಂದೆ ಅವರಿಗೆ ಸಾಲ ಕೊಡುವವರೇ ಇಲ್ಲದಾದರು. 1333ರಲ್ಲಿ ಹೋಜೋಗಳ ಕಥೆ ಮುಗಿಯಿತು.

ಮುಗಿಸಿದವರಲ್ಲಿ ಒಬ್ಬ ಚಕ್ರವರ್ತಿ ಗೊ ದೈಗೊ. ತಾನೇ ನಿಜವಾಗಿ ಆಳುತ್ತೇನೆ ಅಂದ. ಮೂರು ವರ್ಷವೂ ನಡೆಯಲಿಲ್ಲ. ಅವನನ್ನು ಓಡಿಸಿದ ಅಶಿಕಾಗ ತಕಉಜಿ ಮೊದಲು ಮಾಡಿದ್ದೇ ಬೇರೆ ಶಾಖೆಯ ಒಬ್ಬನನ್ನು ಚಕ್ರವರ್ತಿ ಮಾಡಿದ್ದು, ಎರಡು ವರ್ಷದ ಮೇಲೆ, 1338ರಲ್ಲಿ, ಅವನ ಕೈಯಿಂದ ಶೋಗುನ್ ಬಿರುದು ತಗೊಂಡದ್ದು. ಹಾಗಾಗಿ 1392ರವರೆಗೆ ದೇಶಕ್ಕೆ ಇಬ್ಬರು ಚಕ್ರವರ್ತಿಗಳು. ಆ ಕಾಲದ ಯುದ್ಧಕಥನ ತೈಹೆಯಿಕಿಯಲ್ಲಿ ತಕಉಜಿಯ ಪಾರುಪತ್ಯಗಾರ ಮೊರೊನಾವೊ ಹೇಳಿದ ಅಂತ ಒಂದು ಮಾತು ಬರುತ್ತದೆ: ಚಕ್ರವರ್ತಿ ಅಂತ ಒಬ್ಬ ಬೇಕೇ ಬೇಕು ಅನ್ನುವುದಾದರೆ ಮರದಲ್ಲೋ ಲೋಹದಲ್ಲೋ ಒಂದು ಮಾಡಿಸಿಡಿ, ಬದುಕಿರುವವರನ್ನು ಎಲ್ಲಿಗಾದರೂ ಕಳಿಸಿಬಿಡಿ. ಉದ್ಧಟತನವೇ, ಆದರೆ 'ಬೇಕೇ ಬೇಕು' ಅನ್ನುವುದನ್ನು ಅವನೂ ಒಪ್ಪಿದ್ದ ಅನ್ನಿ.

ಗದ್ದುಗೆಗೆ ತೀರಾ ಹತ್ತಿರ ಹೋದವನು ಮೂರನೇ ಅಶಿಕಾಗ ಶೋಗುನ್ ಯೊಶಿಮಿತ್ಸು, ಕ್ಯೋಟೋದಲ್ಲಿ ಚಿನ್ನದ ತಗಡು ಹೊದಿಸಿದ ಮಂಟಪ ಕಟ್ಟಿಸಿದವನು. ಚೀನಾದ ಮಿಂಗ್ ಚಕ್ರವರ್ತಿಯಿಂದ ಜಪಾನಿನ ರಾಜ ಅಂತ ಪದವಿ ತರಿಸಿಕೊಂಡ, ವ್ಯಾಪಾರದಲ್ಲಿ ಕೈತುಂಬ ದುಡ್ಡು ಮಾಡಿದ. ಮಗನನ್ನು ಚಕ್ರವರ್ತಿ ಮಾಡುವ ಯೋಚನೆ ಇತ್ತು ಅಂತ ಕೆಲವು ಇತಿಹಾಸಕಾರರ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 1408ರಲ್ಲಿ ಅವನು ಸತ್ತಾಗ ನಿವೃತ್ತ ಚಕ್ರವರ್ತಿ ಅನ್ನುವ ಗೌರವ ಕೊಡಲು ಅರಮನೆಯೇ ಮುಂದೆ ಬಂತು, ಅದನ್ನು ಬೇಡ ಅಂದವನು ಅವನ ಮಗ, ಆಗಿನ ಶೋಗುನ್.

ಆಮೇಲಿನ ಅಶಿಕಾಗಗಳದ್ದು ಇಳಿಜಾರು. ಆರನೆಯವನು ಯೊಶಿನೊರಿಯನ್ನು ಆರಿಸಿದ್ದು 1428ರಲ್ಲಿ ದೇವರ ಮುಂದೆ ಚೀಟಿ ಎತ್ತಿ. ಹದಿಮೂರು ವರ್ಷದ ಮೇಲೆ ಒಬ್ಬ ಸಾಮಂತ ಊಟಕ್ಕೆ ಕರೆದು, ನೋ ನಾಟಕ ನಡೆಯುತ್ತಿರುವಾಗಲೇ ಅವನ ತಲೆ ಹಾರಿಸಿದ. 1467ರಿಂದ 1477ರವರೆಗೆ ಓನಿನ್ ಯುದ್ಧದಲ್ಲಿ ಕ್ಯೋಟೋ ಸುಟ್ಟು ಹೋಯಿತು. 1500ರಲ್ಲಿ ತೀರಿಕೊಂಡ ಚಕ್ರವರ್ತಿಯ ಹೆಣ ದುಡ್ಡಿಲ್ಲದೆ ನಲವತ್ತು ದಿನಕ್ಕೂ ಹೆಚ್ಚು ಕಾಲ ಅಂತ್ಯಕ್ರಿಯೆಗೆ ಕಾದಿತ್ತು. ಅವನ ಮಗನ ಪಟ್ಟಾಭಿಷೇಕದ ಸಮಾರಂಭ ಆದದ್ದು 21 ವರ್ಷ ತಡವಾಗಿ. ಗದ್ದುಗೆ ಕಿತ್ತುಕೊಳ್ಳಲು ಇದಕ್ಕಿಂತ ಸುಲಭದ ಕಾಲ ಇತ್ತೇ? ಯಾರಿಗೂ ಬೇಕಾಗಲಿಲ್ಲ. ಅದರ ಜೊತೆ ಬರುತ್ತಿದ್ದದ್ದು ಖರ್ಚು ಮಾತ್ರ.

16ನೇ ಶತಮಾನದ ಕೊನೆಗೆ ದೇಶವನ್ನು ಒಂದುಗೂಡಿಸಿದ ದಂಡನಾಯಕರು ನೊಬುನಾಗ, ಹಿದೆಯೊಶಿ ಇಬ್ಬರೂ ಶೋಗುನ್ ಆಗಲಿಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಹಿದೆಯೊಶಿ ರೈತನ ಮಗ, ಮಿನಾಮೊತೊ ರಕ್ತ ಇಲ್ಲದ್ದರಿಂದ ಶೋಗುನ್ ಆಗಲು ಆಗಲಿಲ್ಲ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅಂಥ ನಿಯಮ ಇರಲಿಲ್ಲ. ಫುಜಿವಾರಾ ಮಗು, ರಾಜಕುಮಾರ ಎಲ್ಲ ಶೋಗುನ್ ಆಗಿದ್ದನ್ನು ಮೇಲೆ ನೋಡಿದಿರಲ್ಲ. ಅವನು 1585ರಲ್ಲಿ ಒಂದು ಫುಜಿವಾರಾ ಮನೆಗೆ ದತ್ತು ಹೋಗಿ ಕಂಪಾಕು, ಅಂದರೆ ಚಕ್ರವರ್ತಿಯ ಮುಖ್ಯ ಕಾರ್ಯಭಾರಿ, ಆದ. ಅರಮನೆಯ ಲೆಕ್ಕದಲ್ಲಿ ಅದು ಶೋಗುನ್‌ಗಿಂತ ಮೇಲಿನ ಪದವಿ.

ತೊಕುಗಾವಾ ಇಯೆಯಾಸು 1600ರಲ್ಲಿ ಸೆಕಿಗಾಹರದಲ್ಲಿ ಗೆದ್ದು 1603ರಲ್ಲಿ ಶೋಗುನ್ ಆದ. ಈ ಮನುಷ್ಯ ಹಿಂದಿನವರ ತಪ್ಪುಗಳನ್ನೆಲ್ಲ ಓದಿಕೊಂಡಿದ್ದ ಅನಿಸುತ್ತದೆ. ಎರಡೇ ವರ್ಷಕ್ಕೆ ಬಿರುದನ್ನು ಮಗನಿಗೆ ಬಿಟ್ಟುಕೊಟ್ಟ, ಇದು ನಮ್ಮ ಮನೆಯ ಆಸ್ತಿ ಅಂತ ಎಲ್ಲರಿಗೂ ತಿಳಿಯಲಿ ಅಂತ. 1615ರಲ್ಲಿ ಅರಮನೆಗೆ 17 ಕಲಮುಗಳ ನಿಯಮ ಹಾಕಿದರು. ಮೊದಲ ಕಲಮೇ ಚಕ್ರವರ್ತಿಯ ಮುಖ್ಯ ಕೆಲಸ ವಿದ್ಯೆ ಅಂತ. ಓದಿಕೊಂಡಿರಿ, ಕವಿತೆ ಬರೆಯಿರಿ. ಚಕ್ರವರ್ತಿಯ ಖರ್ಚಿಗೆ ಮೊದಲು ಹತ್ತು ಸಾವಿರ ಕೊಕು, ಮುಂದೆ ಮೂವತ್ತು ಸಾವಿರ ಕೊಕು ಆದಾಯದ ಭೂಮಿ ಬಿಟ್ಟರು. ಒಂದು ಕೊಕು ಅಂದರೆ ಒಬ್ಬ ಮನುಷ್ಯ ಒಂದು ವರ್ಷ ಉಣ್ಣುವಷ್ಟು ಅಕ್ಕಿ, ಹತ್ತಿರ ಹತ್ತಿರ 180 ಲೀಟರ್. ಶೋಗುನ್‌ನ ಸ್ವಂತ ಭೂಮಿ ನಲವತ್ತು ಲಕ್ಷ ಕೊಕು. ಸಾಮಂತರಲ್ಲಿ ದೊಡ್ಡವರಾದ ಕಾಗಾದ ಮಾಯೆದಾ ಮನೆತನದ್ದೇ ಹತ್ತು ಲಕ್ಷ. ಅಂದರೆ ಚಕ್ರವರ್ತಿಯ ವರಮಾನ ಒಬ್ಬ ಸಣ್ಣ ಪಾಳೆಯಗಾರನದಷ್ಟು.

ಸಾಮಂತರನ್ನು ಕಟ್ಟಿಹಾಕಿದ್ದು ಇನ್ನೊಂದು ಜಾಣತನ. 1635ರಿಂದ ದೈಮ್ಯೊಗಳು, ಅಂದರೆ ಈ ಸಾಮಂತರು, ಒಂದು ವರ್ಷ ತಮ್ಮ ಊರಲ್ಲಿ, ಒಂದು ವರ್ಷ ಎಡೋದಲ್ಲಿ ಇರಬೇಕು. ಹೆಂಡತಿ ಮಕ್ಕಳು ಮಾತ್ರ ಯಾವಾಗಲೂ ಎಡೋದಲ್ಲೇ. ಹಕೊನೆಯಂಥ ಗಡಿಕಟ್ಟೆಗಳಲ್ಲಿ ಕಾವಲಿನವರು ಎರಡನ್ನು ತಡೆಯುತ್ತಿದ್ದರು, ಒಳಗೆ ಬರುವ ಬಂದೂಕು, ಹೊರಗೆ ಹೋಗುವ ಹೆಂಗಸು. ಮೆರವಣಿಗೆ ಕಟ್ಟಿಕೊಂಡು ಓಡಾಡುವುದಕ್ಕೇ ಸಾಮಂತರ ಖಜಾನೆ ಖಾಲಿ.

ಇವರೂ ಒಮ್ಮೆ ಫುಜಿವಾರಾ ಆಟ ಆಡಿ ನೋಡಿದರು. ಎರಡನೇ ಶೋಗುನ್ ಹಿದೆತಾದ ಮಗಳನ್ನು ಚಕ್ರವರ್ತಿ ಗೊ ಮಿಜುನೋವೊಗೆ ಕೊಟ್ಟ. ಸನ್ಯಾಸಿಗಳಿಗೆ ಅರಮನೆ ಕೊಡುತ್ತಿದ್ದ ನೇರಳೆ ನಿಲುವಂಗಿಯ ವಿಷಯಕ್ಕೆ ಜಗಳ ಆಗಿ, 1629ರಲ್ಲಿ ಅಳಿಯ ಎಡೋಗೆ ಒಂದು ಮಾತೂ ಹೇಳದೆ ಪಟ್ಟ ಬಿಟ್ಟು ಎದ್ದುಬಿಟ್ಟ. ಗದ್ದುಗೆಗೆ ಬಂದದ್ದು ಹಿದೆತಾದನ ಮೊಮ್ಮಗಳು ಮೇಶೋ, ಐದಾರು ವರ್ಷದ ಹುಡುಗಿ. 850 ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಹೆಣ್ಣೊಬ್ಬಳು ಗದ್ದುಗೆಯಲ್ಲಿ. ತೊಕುಗಾವಾಗಳಿಗೆ ಲಾಭ ಅಂದುಕೊಂಡಿರಾ? ಪಟ್ಟದಲ್ಲಿ ಕೂತ ಹೆಣ್ಣು ಮದುವೆ ಆಗುವಂತಿಲ್ಲ. ತೊಕುಗಾವಾ ರಕ್ತ ಗದ್ದುಗೆಯ ಮೇಲೆ ಅವಳೊಂದಿಗೇ ನಿಂತುಹೋಯಿತು. ಅಳಿಯ ಸುಮ್ನೆ ಸಿಟ್ಟಿನಲ್ಲಿ ಎದ್ದು ಹೋದವನಲ್ಲ ಅಂತ ನನ್ನ ಅನುಮಾನ.

ಆಮೇಲೆ ಇಬ್ಬರೂ ತಮ್ಮ ತಮ್ಮ ಗೋಡೆಯೊಳಗೆ. ಮೂರನೇ ಶೋಗುನ್ ಇಯೆಮಿತ್ಸು 1634ರಲ್ಲಿ ಮೂರು ಲಕ್ಷ ಜನರ ದಂಡು ಕಟ್ಟಿಕೊಂಡು ಕ್ಯೋಟೋಗೆ ಹೋದ ಅನ್ನುತ್ತಾರೆ. ಇನ್ನೊಬ್ಬ ಶೋಗುನ್ ಅಲ್ಲಿಗೆ ಕಾಲಿಟ್ಟದ್ದು 229 ವರ್ಷದ ಮೇಲೆ, 1863ರಲ್ಲಿ. ಅಷ್ಟರಲ್ಲಿ 1853ರಲ್ಲಿ ಅಮೆರಿಕದ ಪೆರ್ರಿ ನಾಲ್ಕು ಹಡಗು ತಂದು ಬಾಗಿಲು ತೆರೆಯಿರಿ ಅಂದಿದ್ದ. ಗಾಬರಿಯಾದ ಬಾಕುಫು ಏನು ಮಾಡೋಣ ಅಂತ ಸಾಮಂತರನ್ನೂ ಅರಮನೆಯನ್ನೂ ಕೇಳಿತು. ಅದೇ ದೊಡ್ಡ ತಪ್ಪು. ಇನ್ನೂರು ವರ್ಷದಿಂದ ಕೇಳದೇ ಇದ್ದವರನ್ನು ಒಮ್ಮೆ ಕೇಳಿದರೆ, ಇನ್ನು ಮುಂದೆ ಪ್ರತಿ ಸಲ ಕೇಳಬೇಕಾಗುತ್ತದೆ. 1858ರಲ್ಲಿ ಚಕ್ರವರ್ತಿಯ ಒಪ್ಪಿಗೆ ಇಲ್ಲದೆ ಅಮೆರಿಕದ ಜೊತೆ ಒಪ್ಪಂದಕ್ಕೆ ಸಹಿ ಹಾಕಿಸಿದ ಮಂತ್ರಿ ಇಯಿ ನಾವೊಸುಕೆಯನ್ನು 1860ರ ಮಾರ್ಚಿನಲ್ಲಿ, ಹಿಮ ಬೀಳುತ್ತಿದ್ದ ಬೆಳಿಗ್ಗೆ, ಎಡೋ ಕೋಟೆಯ ಬಾಗಿಲ ಹೊರಗೇ ಕಡಿದು ಹಾಕಿದರು.

1863ರಲ್ಲಿ ಚಕ್ರವರ್ತಿ ಕೋಮೆ ಪರದೇಶಿಗಳನ್ನು ಓಡಿಸುವ ಹರಕೆ ಹೊತ್ತು ಕಾಮೋ ಗುಡಿಗೆ ಹೊರಟ. 1626ರ ನಂತರ ಚಕ್ರವರ್ತಿಯೊಬ್ಬ ಹೀಗೆ ಮೆರವಣಿಗೆಯಲ್ಲಿ ಹೊರಬಂದದ್ದು ಅದೇ ಮೊದಲು. ಹಿಂದೆ ಕುದುರೆಯ ಮೇಲೆ ಯುವಕ ಶೋಗುನ್ ಇಯೆಮೊಚಿ. ರಸ್ತೆ ಬದಿಯಲ್ಲಿ ನಿಂತಿದ್ದ ಚೋಶೂ ಪ್ರಾಂತ್ಯದ ತಕಸುಗಿ ಶಿನ್‌ಸಾಕು, ನಾಟಕದಲ್ಲಿ ನಟನನ್ನು ಹುರಿದುಂಬಿಸುವ ಧಾಟಿಯಲ್ಲಿ, ಓಹೋ, ಸೇಯಿ ತೈಶೋಗುನ್! ಅಂತ ಕೂಗಿದನಂತೆ. ಕಥೆಯೇ ಇರಬಹುದು. ಆದರೆ ಏಟು ಸರಿಯಾದ ಜಾಗಕ್ಕೆ ಬಿತ್ತು. ಅನಾಗರಿಕರನ್ನು ಅಡಗಿಸುವ ಸೇನಾಪತಿಯೇ, ಎಲ್ಲಿ, ಅಡಗಿಸು ನೋಡೋಣ. ತಮುರಮಾರೊನ ಬಿರುದಿನ ಅರ್ಥ ಸಾವಿರ ವರ್ಷದ ಮೇಲೆ ಹೀಗೆ ಕುತ್ತಿಗೆಗೆ ಬಂತು.

ಹದಿನೈದನೆಯವನು, ಕೊನೆಯವನು, ಯೊಶಿನೊಬು. 1867ರ ನವೆಂಬರಿನಲ್ಲಿ ಕ್ಯೋಟೋದ ನಿಜೋ ಕೋಟೆಯಲ್ಲಿ ಸುಮಾರು 40 ಪ್ರಾಂತ್ಯಗಳ ಪ್ರತಿನಿಧಿಗಳನ್ನು ಕೂರಿಸಿ, ಅಧಿಕಾರವನ್ನು ಚಕ್ರವರ್ತಿಗೆ ವಾಪಸ್ ಮಾಡುತ್ತೇನೆ ಅಂದ. ಸೋತು ಕೊಟ್ಟದ್ದಲ್ಲ, ಲೆಕ್ಕ ಹಾಕಿ ಕೊಟ್ಟದ್ದು. ಅರಮನೆಗೆ ಆಡಳಿತ ಗೊತ್ತಿಲ್ಲ, ದೇಶದಲ್ಲಿ ಎಲ್ಲರಿಗಿಂತ ದೊಡ್ಡ ಜಮೀನ್ದಾರ ನಾನೇ, ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಲೆಕ್ಕ ತಪ್ಪಿರಲಿಲ್ಲ, ಮೊದಲಿಗೆ ಅರಮನೆ ಸದ್ಯಕ್ಕೆ ನೀವೇ ನೋಡಿಕೊಳ್ಳಿ ಅಂತಲೇ ಹೇಳಿತು. ಆದರೆ 1868ರ ಜನವರಿ 3ರಂದು ಸತ್ಸುಮಾ ಪ್ರಾಂತ್ಯ ಮತ್ತು ಅದರ ಜೊತೆಯವರು ಅರಮನೆಯ ಬಾಗಿಲುಗಳನ್ನು ಹಿಡಿದುಕೊಂಡು ಬೇರೆಯೇ ಆದೇಶ ಬರೆಸಿಕೊಂಡರು. ಬೇಕಾದಾಗ ಬೇಕಾದ ಆದೇಶ, ಈ ಸಲ ಬೇರೆಯವರಿಗೆ. ಆ ತಿಂಗಳ ಕೊನೆಗೆ ತೊಬಾ ಫುಶಿಮಿಯಲ್ಲಿ ಯುದ್ಧ ಆಯಿತು. ಬಾಕುಫು ಕಡೆ ಸುಮಾರು ಮೂರು ಪಟ್ಟು ಜನ. ಎದುರಿನವರು ಗುಟ್ಟಾಗಿ ಹೊಲಿಸಿ ಇಟ್ಟಿದ್ದ ಜರಿಯ ಬಾವುಟ ಬಿಚ್ಚಿದರು, ಚಿನ್ನದ ಸೂರ್ಯ, ಬೆಳ್ಳಿಯ ಚಂದ್ರ ಇದ್ದ ಚಕ್ರವರ್ತಿಯ ಬಾವುಟ. ಯಸುತೊಕಿ ಕೇಳಿದ ಪ್ರಶ್ನೆ ನೆನಪಿದೆಯಲ್ಲ? ಪಲ್ಲಕ್ಕಿ ಬಂದಿತ್ತು. ಯೊಶಿನೊಬು ರಾತ್ರೋರಾತ್ರಿ ಒಸಾಕಾ ಕೋಟೆ ಬಿಟ್ಟು ಹಡಗು ಹತ್ತಿ ಎಡೋಗೆ ಹೊರಟುಹೋದ.

ಅವನನ್ನು ಕೊಲ್ಲಲಿಲ್ಲ. ಶಿಜುವೋಕಾದಲ್ಲಿ ಮೂವತ್ತು ವರ್ಷದ ಹತ್ತಿರ ಫೋಟೋ ತೆಗೆಯುತ್ತಾ, ಬೇಟೆಯಾಡುತ್ತಾ, ಸೈಕಲ್ ಹೊಡೆಯುತ್ತಾ ಇದ್ದ. 1898ರ ಮಾರ್ಚಿನಲ್ಲಿ ಚಕ್ರವರ್ತಿ ಮೇಜಿಯಿಂದ ಕರೆ ಬಂತು, ಟೋಕ್ಯೋದ ಅರಮನೆಗೆ ಹೋಗಿ ಭೇಟಿಯಾದ. ಆ ಅರಮನೆ ಇದ್ದದ್ದು ಹಳೆಯ ಎಡೋ ಕೋಟೆಯೊಳಗೆ, ಅವನ ಹಿರೀಕರು ಇನ್ನೂರ ಅರವತ್ತು ವರ್ಷ ಬಾಳಿದ ಮನೆಯಲ್ಲಿ. ಈ ಸಲ ಅವನು ಬಂದದ್ದು ಅತಿಥಿಯಾಗಿ.